ಇಲಿಯ ಹೆಸರಿನಲ್ಲಿ ನನ್ನ ಜೊಲ್ಲು

ನೀವು ನಂಬುವುದಿಲ್ಲ, ಬೇಕಾದರೆ ಪಂದ್ಯ ಕಟ್ಟಿ — ಇಡೀ ಶಾಲೆಗೆ ಇಲಿಯ ಜೊಲ್ಲೆಂದು ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದು ನನ್ನ ಜೊಲ್ಲು! ಈ ಕಥೆ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ, ಕೊನೆಯ ಭಾಗ ಬಿಟ್ಟು. ಇವತ್ತು ಅದನ್ನೂ ಬರೆಯುತ್ತಿದ್ದೇನೆ. ಬಸವರಾಜ ಓದಿಬಿಟ್ಟರೆ — ಓದಲೇಬೇಕು, ಆದರೂ ಈ ಸಾಲನ್ನೇ ಎರಡು ಸಲ ಹೊಡೆದುಹಾಕಿದ್ದೇನೆ.

ಈಗ ನಾನು ಪಿಯುಸಿ, ಆಗ ಎಂಟನೇ ಕ್ಲಾಸು. ಜಯನಗರದ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನಾನು, ಬಸವರಾಜ ಜೋಡಿ. ಅವನು ಧಾರವಾಡದ ಕಡೆಯವನು, ಬಿಟಿಎಂನಲ್ಲಿ ಬಾಡಿಗೆ ಮನೆ. ಅವರಮ್ಮ ಅಲ್ಲೇ ಒಂದು ಪಿಜಿಯಲ್ಲಿ ಅಡುಗೆ ಮಾಡುತ್ತಿದ್ದರು. ತಲೆ ಅವನದು, ಬಾಯಿ ನನ್ನದು. ಗೆದ್ದ ಜೋಡಿಯಲ್ಲಿ ಒಬ್ಬರಿಗೆ ಬೇಸಿಗೆಯ ವಿಜ್ಞಾನ ಶಿಬಿರ. ಅದು ಅವನಿಗೇ ಎಂದು ಮಾತಾಗಿತ್ತು. ಚಳಿಗಾಲದಲ್ಲೇ ಅವನು ಶಿಬಿರಕ್ಕೆಂದು ಟೋಪಿ ಕೊಂಡಿದ್ದ.

"ಲೇ, ಪಿಷ್ಟ ಕರಗಿಸೋ ರಸದ ಜೀನ್ ಇಲಿಯಾಗ ಮೊದ್ಲು ಒಂದ ಇತ್ತು ಅನ್ಕೋ," ಎಂದು ಅವನೇ ನನಗೆ ಕಲಿಸಿದ್ದು. "ತಪ್ಪಿ ಎರಡು ಸಲ ನಕಲ ಆತು. ಮತ್ತ ನಕಲ ಆತು. ಜೀನ್ ಹೆಚ್ಚಾದ್ರ ರಸಾನೂ ಹೆಚ್ಚು. ಅದ್ರಾಗ ಒಂದರ ಸ್ವಿಚ್ ಬಾಯಾಗ ಹತ್ತಿತು. ಹೊಟ್ಯಾಗ ಇದ್ದಿದ್ದು ಜೊಲ್ಲಿನ್ಯಾಗೂ ಬಂತು. ನಮ್ಮ ಅನ್ನ, ರೊಟ್ಟಿ ಕದ್ದು ತಿನ್ನೋ ಇಲಿಗೆ ಇನ್ನೇನ್ ಬೇಕು?"

"ಅಂದ್ರೆ ಇಲಿ ಒಳಗೆ ಜೆರಾಕ್ಸ್ ಅಂಗಡಿನಾ ಗುರು?"

"ನಗಬ್ಯಾಡಲೇ, ಮಾಡಿ ತೋರ್ಸೂಣು."

ಗಂಜಿಗೆ ಆಯೋಡಿನ್ ಹಾಕಿದರೆ ಕಡುನೀಲಿ. ಅದಕ್ಕೆ ಇಲಿ ಕಚ್ಚಿದ ಹತ್ತಿ ಹಾಕಬೇಕು. ಜೊಲ್ಲಿನ ರಸ ಪಿಷ್ಟವನ್ನು ಕರಗಿಸಿದರೆ ನೀಲಿ ಮಾಯ. ಬೋನಿಗೆ ಇಲಿ ಬಿದ್ದದ್ದು ಶ್ರೀನಗರದ ನಮ್ಮ ಮನೆಯಲ್ಲಿ, ಹಾಗಾಗಿ ಹತ್ತಿ ಕಚ್ಚಿಸುವ ಕೆಲಸ ನನ್ನದು.

ಇಲಿ ಎಂದರೆ ಎಂಥ ಇಲಿ! ನಮ್ಮ ಬೀದಿಯ ಬೆಕ್ಕು ಅದಕ್ಕೆ ದಾರಿ ಬಿಡುತ್ತಿತ್ತು. ಸರಿ — ಸುಳ್ಳು. ನನ್ನ ಅಂಗೈಯಷ್ಟೂ ಇರಲಿಲ್ಲ. ಇಕ್ಕಳದಲ್ಲಿ ಹತ್ತಿ ಹಿಡಿದು ಹತ್ತಿರ ಹೋದೆ. ಅದು ಹಲ್ಲು ಬಿಟ್ಟು ಕಂಬಿಗೆ ಎಗರಿತು. ಇಕ್ಕಳ ಒಂದು ಕಡೆ, ನಾನು ಒಂದು ಕಡೆ. ಮತ್ತೆ ಹತ್ತಿರ ಹೋಗಲು ಕಾಲೇ ಬರಲಿಲ್ಲ. ಕೊನೆಗೆ ಬೇರೆ ಹತ್ತಿ ತೆಗೆದು ನಾನೇ ಚೆನ್ನಾಗಿ ಅಗಿದು ಡಬ್ಬಿಗೆ ಹಾಕಿದೆ — ಮನುಷ್ಯರ ಜೊಲ್ಲಿನಲ್ಲೂ ಅದೇ ರಸ ಇದೆಯಲ್ಲ!

ಪ್ರದರ್ಶನದ ಮೊದಲ ದಿನ ಎಲ್ಲರೆದುರು ನೀಲಿ ಸಖತ್ತಾಗಿ ಮಾಯವಾಯಿತು. ಬಸವರಾಜ ಕುಣಿದ. ಚಾರ್ಟಿನಲ್ಲಿ ತನ್ನ ಗುಂಡು ಅಕ್ಷರಗಳಲ್ಲಿ ಬರೆದ: ಇಲಿಯ ಜೊಲ್ಲು.

ಮರುದಿನ ತೀರ್ಪುಗಾರರು, "ನನ್ನೆದುರಿಗೆ ಮಾಡಿ," ಎಂದರು. ಟವೆಲ್ ಹೊದಿಸಿ ತಂದಿದ್ದ ಬೋನಿನೊಳಗೆ ಬಸವರಾಜ ಹೆದರದೆ ಹತ್ತಿ ಚಾಚಿದ. ಅಷ್ಟು ಜನರನ್ನು ಕಂಡು ಇಲಿ ಗಡಗಡ ನಡುಗುತ್ತ ಹತ್ತಿಗೆ ಬಾಯಿ ತಾಗಿಸಿ ಹಿಂದೆ ಸರಿಯಿತು. ಗಂಜಿ ನೀಲಿಯಾಗಿಯೇ ಉಳಿಯಿತು.

"ಹೆದರೇತ್ರೀ ಸರ. ಬಾಯಿ ಒಣಗೇತಿ ಅದರದು," ಎಂದ ಬಸವರಾಜ. ಅವನು ಹೇಳಿದ್ದು ಸರಿಯಾಗಿತ್ತು — ನನ್ನ ಬಾಯಿಯೂ ಒಣಗಿತ್ತು.

"ನಿನ್ನೆ ಏನು ಬೆರೆಸಿದ್ದೆ? ನಿಜ ಹೇಳು!" ಎಂದು ತೀರ್ಪುಗಾರರು ಅವನನ್ನೇ ಗದರಿದರು.

ಹತ್ತಿ ತಂದವನು ನಾನೆಂದು ಅವನು ಹೇಳಲಿಲ್ಲ. ನನ್ನ ಮೇಲೆ ಅನುಮಾನವೇ ಬರಲಿಲ್ಲವೋ, ಅಥವಾ... ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಬೇಕಾಗಿದ್ದ ಮಾತು ನನ್ನ ನಾಲಿಗೆಯ ಮೇಲೇ ಇತ್ತು. ನುಂಗಿದೆ. ಕ್ಲಾಸ್ ಟೀಚರ್ ಅವರಮ್ಮನಿಗೆ ಫೋನ್ ಮಾಡಿದರು. ಅವರು ಬರುವವರೆಗೂ ಸಮಯವಿತ್ತು. ಆಗಲೂ ಹೇಳಲಿಲ್ಲ.

ಅವರು ಅಡುಗೆಮನೆಯಿಂದ ಹಾಗೇ ಬಂದಿದ್ದರು, ಮೊಣಕೈವರೆಗೂ ಜೋಳದ ಹಿಟ್ಟು. ಟೀಚರ್ ಹೇಳಿದ್ದನ್ನೆಲ್ಲ ಕೇಳಿ ಮಗನನ್ನು ಒಮ್ಮೆ ನೋಡಿದರು.

"ನಾ ಮಾಡಿಲ್ಲವ್ವಾ," ಎಂದ ಅವನು.

ಅವರಮ್ಮ ತೀರ್ಪುಗಾರರಿಗೆ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ — ನನಗೂ ಕೈಮುಗಿದರು.

"ಇವನ ಸಂಬಂಧ ನಿನ್ನ ಹೆಸರೂ ಕೆಟ್ಟಿತು. ತಪ್ಪು ತಿಳೀಬ್ಯಾಡಪ್ಪಾ."

ನಾನು, "ಪರವಾಗಿಲ್ಲ ಆಂಟಿ," ಎಂದೆ.