ಗೊರವ, ಚಿಟ್ಟೆ ಮತ್ತು ಗುಳಿಗೆಯಕ್ಕ

ಮ್ಯೂಸಿಯಮ್ಮಿನ ಬೀಗ ತೆಗೆಯುವ ಮುನ್ನ ಹಿಂದಿನ ಕೆಸರುದಂಡೆಗೆ ಹೋಗಿ, ಅಲ್ಲಿ ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಳ್ಳುವುದನ್ನು ಗುಳಿಗೆಯಕ್ಕ ಹದಿನೆಂಟು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಮಗಳ ಮದುವೆಯ ಬೆಳಿಗ್ಗೆಯೂ ಹೋಗಿಬಂದಿದ್ದಳು. ಸತ್ತ ಹಕ್ಕಿ, ಹುಳಗಳನ್ನಿಟ್ಟ ಡ್ರಾಯರುಗಳಿಗೆ ನುಸಿಗುಳಿಗೆ ಹಾಕುವುದು ಅವಳ ಕೆಲಸ. ಅದೇ ಹೆಸರಾಗಿ ಅಂಟಿಕೊಂಡಿತ್ತು. ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಎಲ್ಲೂ ಇರಲಿಲ್ಲ.

“ಏನಕ್ಕಾ, ನೆಂಟ್ರು ಬಂದ್ರಾ?” ಎಂದು ಕಾವಲುಗಾರ ಕೆಣಕುತ್ತಿದ್ದ.

“ಬಂದ್ರು. ನಿನ್ ಥರ ಕುರ್ಚೀಲಿ ತೂಕಡಿಸೋಕಲ್ಲ.”

ನೆಂಟರೆಂದರೆ ಕೆಸರಲ್ಲಿ ಹುಳ ಹೆಕ್ಕುವ ಗೊರವ ಹಕ್ಕಿ ಮತ್ತು ಡ್ರ್ಯಾಗನ್‌ಫ್ಲೈ ಎನ್ನುವ ಏರೋಪ್ಲೇನ್ ಚಿಟ್ಟೆ. ಒಂದೇ ವಾರದಲ್ಲಿ, ಒಂದೇ ಗಾಳಿಯ ಬೆನ್ನೇರಿ ಇವೆರಡೂ ಕಡಲು ದಾಟಿ ಬರುತ್ತಿದ್ದವು. ಬೆರಳು ಮುರಿದ ಗೊರವವೊಂದು ಏಳು ವರ್ಷ ಅದೇ ಕಲ್ಲಿನ ಪಕ್ಕ ಇಳಿದಿತ್ತು. ಚಿಟ್ಟೆಯದು ಹಾಗಲ್ಲ. ಹರಿದ ರೆಕ್ಕೆಯಲ್ಲಿ ಬಂದು, ಮಳೆಗುಂಡಿಯಲ್ಲಿ ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತಿತ್ತು. ಜೊಂಡಿನ ಮೇಲೆ ಪೊರೆ ಕಳಚಿ ಮುಂದೆ ಹೊರಡುತ್ತಿದ್ದುದು ಅದರ ಮಕ್ಕಳು. ಇಬ್ಬರಿಗೂ ದಾರಿ ತೋರಿಸುವ ದೇವರು ಒಬ್ಬನೇ ಎಂದು ಅವಳು ಮನಸ್ಸಿನಲ್ಲೇ ನೆನೆಯುತ್ತಿದ್ದಳು.

ಹೊಸ ಸಾಹೇಬರು ಕ್ಯಾಲೆಂಡರುಗಳನ್ನು “ಎರಡು ದಿನ ನೋಡಿ ಕೊಡ್ತೀನಿ” ಎಂದು ಒಯ್ದರು. ಎರಡು ದಿನ ಎಂಟು ತಿಂಗಳಾಯಿತು. ಆಮೇಲೊಂದು ಬೆಳಿಗ್ಗೆ ದೊಡ್ಡ ಕೋಣೆಯ ಗೋಡೆ ತುಂಬ ಬೋರ್ಡು: ‘ಕಡಲು ದಾಟುವ ಜೋಡಿ’. ಕೆಳಗೆ ಸಾಹೇಬರ ಹೆಸರು, ಅಂಗೈಯಗಲ. ಒರೆಸುವ ಬಟ್ಟೆ ಹಿಡಿದೇ ಅವಳು ಓದಿದಳು. ಕೊನೆಯ ಸಾಲು ಹೀಗಿತ್ತು: ‘ಹಕ್ಕಿಯಂತೆಯೇ ಚಿಟ್ಟೆಯೂ ತಾನು ಬಿಟ್ಟುಹೋದ ಜಾಗಕ್ಕೆ ಪ್ರತಿವರ್ಷ ಮರಳುತ್ತದೆ.’

“ಸಾರ್, ಇದು ತಪ್ಪು. ಹೋದ ಚಿಟ್ಟೆ ವಾಪಸ್ ಬರಲ್ಲ. ಬರೋದು ಅದರ ಮಕ್ಳು, ಮೊಮ್ಮಕ್ಳು. ಬರೆದಿದ್ನಲ್ಲ ನಾನು?”

“ಬರೆದಿದ್ರಿ. ಜೋಡಿ ಅಂದ್ಮೇಲೆ ಜೋಡಿ ಥರ ಕಾಣ್ಬೇಕಲ್ಲಮ್ಮ. ಸ್ಕೂಲ್ ಮಕ್ಳು ನೋಡೋ ಬೋರ್ಡು, ಯಾರು ಕೇಳ್ತಾರೆ?”

“ಮಕ್ಳು ನೋಡ್ತಾರೆ ಅಂತಲೇ ಹೇಳ್ತಿರೋದು.”

ಸಾಹೇಬರು ಕೆಮ್ಮಿದರು. ಬೋರ್ಡಿನಲ್ಲಿ ತನ್ನ ಹೆಸರಿಲ್ಲವೆಂದು ಅವಳಿಗೆ ಮುನಿಸು ಎಂದುಕೊಂಡಿರಬೇಕು. “ನೋಡಿ, ಪೇಂಟರ್ ಇನ್ನೂ ಇಲ್ಲೇ ಇದಾನೆ. ನನ್ನ ಹೆಸರಿನ ಪಕ್ಕದಲ್ಲೇ ನಿಮ್ದೂ ಹಾಕಿಸ್ತೀನಿ. ಆಯ್ತಾ?”

ಏಣಿಯ ಮೇಲಿದ್ದ ಪೇಂಟರ್ ಕುಂಚ ಅದ್ದಿದ. “ನಿಮ್ ಹೆಸರೇನಮ್ಮಾ?”

ಆ ಕೋಣೆಯಲ್ಲಿ ಈವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಹೆಸರು ನಾಲಿಗೆಯ ತುದಿಗೆ ಬಂದಿತ್ತು; ಅವಳು ಸಾಹೇಬರತ್ತ ತಿರುಗಿದಳು.

“ಆ ಸಾಲು ಅಳಿಸ್ತೀರಾ ಸಾರ್?”

“ಮ್ಯೂಸಿಯಮ್ ಪುಸ್ತಕದಲ್ಲೂ ಅಚ್ಚಾಗೋಕೆ ಹೋಗಾಯ್ತಮ್ಮ. ಇನ್ನು ಅದು ಹಾಗೇ.”

“ಹಾಗಾದ್ರೆ ನನ್ ಹೆಸರು ಬೇಡ. ಈ ಬೋರ್ಡು ದಿನಾ ಒರೆಸೋಳು ನಾನೇ. ಸುಳ್ಳಿನ ಕೆಳಗೆ ನನ್ ಹೆಸರನ್ನ ನಾನೇ ತಿಕ್ಕಿ ಹೊಳೆಸೋಕಾಗಲ್ಲ ಸಾರ್.”