ಆಮೇಲಿನ ಬಿಸಿ

ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಯಾವಾಗ ಬಂತೋ ನೆನಪಿಲ್ಲ. ಬೀದಿದೀಪ ಕೆಟ್ಟರೆ, ಕಾವೇರಿ ನೀರು ಎರಡು ದಿನ ಬಾರದಿದ್ದರೆ, "ಆಂಟಿ, ಒಂದು ಲೆಟರ್ ಹಾಕ್ಕೊಡಿ" ಎಂದು ಯಾರಾದರೂ ಗೇಟಿನ ಹತ್ತಿರ ನಿಲ್ಲುತ್ತಾರೆ. ಕನ್ನಡ ಮಾತಾಡುವವರಿದ್ದಾರೆ, ಬರೆಯಲು ಹೆದರುತ್ತಾರೆ. ಕುಕ್ಕರಿನಲ್ಲಿ ಬೇಳೆ ಇಟ್ಟು, ಅದು ಮೂರು ಸಲ ಕೂಗುವುದರೊಳಗೆ ನಾನು ಒಂದು ಅರ್ಜಿ ಮುಗಿಸುತ್ತೇನೆ.

ಆ ದೂರನ್ನೂ ಹಾಗೇ ಮುಗಿಸಿದ್ದೆ. ಮೂಲೆಯ ಹೊಂಗೆಮರದ ಕೆಳಗಿನ ಇಸ್ತ್ರಿ ಗಾಡಿಯನ್ನು ತೆಗೆಸಬೇಕೆಂದು ಬೀದಿಯ ಸಂಘದವರು ತೀರ್ಮಾನಿಸಿದ್ದರು. ಆ ನೆರಳಲ್ಲಿ ಎರಡು ಕಾರು ನಿಲ್ಲಿಸಬಹುದಿತ್ತು. ಕಾರಿನ ಮಾತು ಬರೆದರೆ ಚೆನ್ನಾಗಿರುವುದಿಲ್ಲವಲ್ಲ. "ಕೆಂಡದ ಕಿಡಿಯಿಂದ ಮಕ್ಕಳಿಗೂ ವೃದ್ಧರಿಗೂ ಅಪಾಯವಿದೆ" ಎಂದು ನಾನೇ ಸೇರಿಸಿದೆ. ಹನ್ನೊಂದು ವರ್ಷದಲ್ಲಿ ಆ ಗಾಡಿಯಿಂದ ಒಂದು ಕಿಡಿ ಹಾರಿದ್ದನ್ನು ನಾನು ಕಂಡಿಲ್ಲ. "ಏನ್ ಬರೀತೀರಾ ಕಣ್ರೀ!" ಎಂದು ಕಾರ್ಯದರ್ಶಿಗಳು ಹೊಗಳಿದರು. ಹದಿನಾಲ್ಕು ಸಹಿ ಬಿದ್ದವು, ಮೊದಲನೆಯದು ನನ್ನದು.

ಇಸ್ತ್ರಿ ಮಾಡುತ್ತಿದ್ದಾಕೆ ನನ್ನದೇ ವಯಸ್ಸಿನವಳು. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ. ಓದಲು ಬಾರದು. ಮೂರು ವಾರದ ಮೇಲೆ ಪಾಲಿಕೆ ಕಚೇರಿಯ ನೋಟಿಸು ಹಿಡಿದು ಅವಳು ನೇರವಾಗಿ ಬಂದದ್ದು ನನ್ನ ಬಳಿಗೇ.

"ಓದಿ ಹೇಳಿ ಅಮ್ಮಾ, ಏನಂತೆ?"

ಓದಿದೆ. ಹದಿನೈದು ದಿನದಲ್ಲಿ ಜಾಗ ಬಿಡಬೇಕಂತೆ, ಯಾರೋ ದೂರು ಕೊಟ್ಟಿದ್ದಾರಂತೆ ಎಂದೆ.

"ಯಾರು?"

"ಬೀದಿಯೋರೇ ಇರ್ಬೇಕು."

"ಈ ಜಾಗ ಹೋದ್ರೆ ಗಿರಾಕಿನೂ ಹೋದಂಗೆ. ಹೊಸ ಕಡೆ ನನ್ನ ನಂಬಿ ಯಾರು ರೇಷ್ಮೆ ಸೀರೆ ಕೊಡ್ತಾರೆ? ನೀವೇ ಒಂದು ಅರ್ಜಿ ಹಾಕ್ಕೊಡಿ. ಗೊತ್ತಿಲ್ದೆ ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಬರೀರಿ."

ಕೈ ಅಭ್ಯಾಸಬಲದಿಂದ ಓಡಿತು. "ನನ್ನಿಂದಾದ ತೊಂದರೆಗೆ ಪಶ್ಚಾತ್ತಾಪ ಪಡುತ್ತೇನೆ" ಎಂದು ಬರೆದು, ಓದಿ ಹೇಳಿದೆ.

"ಪಶ್ಚಾ... ಅದೇನಮ್ಮಾ ಅದು?"

ಶಾಲೆಯಲ್ಲಿ ಬಿಡಿಸಿ ಬರೆಯುತ್ತಿದ್ದುದು ನೆನಪಾಯಿತು. ಸಂಸ್ಕೃತದ ಮಾತು, ಪಶ್ಚಾತ್ ಅಂದರೆ ಆಮೇಲೆ, ತಾಪ ಅಂದರೆ ಬಿಸಿ, ತಪ್ಪು ಮಾಡಿದ ಮೇಲೆ ಒಳಗೆ ಸುಡುತ್ತದಲ್ಲ ಅದು, ಎಂದು ವಿವರಿಸಿದೆ.

"ನಮ್ಮಲ್ಲಿ ಪಛ್ತಾನಾ ಅಂತಾರೆ." ಅವಳು ನಕ್ಕಳು. "ಆಮೇಲಿನ ಬಿಸಿ ನಂಗೆ ಗೊತ್ತು ಬಿಡಿ. ಕೆಂಡ ಸುರಿದು ಅರ್ಧ ಗಂಟೆ ಆದ್ರೂ ಇಸ್ತ್ರಿಪೆಟ್ಟಿಗೆ ಮುಟ್ಟಕ್ಕಾಗಲ್ಲ. ಆರ್ಹೋಗಿದೆ ಅಂತ ಕೈ ಇಟ್ಟೋರಿಗೇ ಚುರ್ ಅನ್ನೋದು." ಆಮೇಲೆ ಹುಬ್ಬು ಗಂಟಿಕ್ಕಿದಳು. "ಆದ್ರೆ ಅದನ್ನ ನಾನ್ಯಾಕೆ ಪಡ್ಲಿ? ನಾನೇನ್ ಮಾಡಿದೀನಿ? ಹೊಡೆದ್ಹಾಕಿ ಅದನ್ನ."

ಹೊಡೆದುಹಾಕಿದೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು "ಕಾಫಿ ಕುಡೀತೀಯಾ?" ಎಂದು ಕೇಳಿದೆ.

ಅವಳು ಹೋದ ಮೇಲೆ ಮಗಳ ಹಳೆಯ ಹಿಂದಿ ನಿಘಂಟು ತೆಗೆದು ನೋಡಿದೆ. ಅವಳ ಪಛ್ತಾನಾ ಹುಟ್ಟಿದ್ದೂ ಈ ಪಶ್ಚಾತ್ತಾಪದಿಂದಲೇ. ಪ್ರಾಕೃತದವರ ಬಾಯಲ್ಲಿ ಸವೆದು ಹಾಗಾಗಿದೆ. ನನ್ನದು ಗಂಜಿ ಹಾಕಿದ ಸೀರೆಯಂತೆ ಮಡಿಕೆ ಮುರಿಯದೆ ಕಪಾಟಿನಲ್ಲೇ ಇತ್ತು. ಅವಳದು ದಿನಾ ಉಟ್ಟು ಮೆತ್ತಗಾಗಿತ್ತು.

ಅರ್ಜಿ ಕೊಡಲು ಯಲಹಂಕದ ಕಚೇರಿಗೆ ಜೊತೆಯಲ್ಲಿ ಬನ್ನಿ ಎಂದಳು. ಬರುವುದಿಲ್ಲ ಎನ್ನಲು ಕಾರಣ ಹೊಳೆಯಲಿಲ್ಲ. ಬಸ್ಸಿನುದ್ದಕ್ಕೂ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಕೂತಿದ್ದೆ. ಅವಳು ಮಗಳ ಹೆರಿಗೆಯ ಸುದ್ದಿ ಹೇಳುತ್ತಿದ್ದಳು.

ಗುಮಾಸ್ತರು ಕಡತ ಬಿಚ್ಚಿ, ನಮ್ಮ ಹಾಳೆಯನ್ನು ದೂರಿನ ಪಕ್ಕದಲ್ಲಿಟ್ಟರು. ಒಂದು ಸಲ ಅದನ್ನು, ಒಂದು ಸಲ ಇದನ್ನು ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಏನ್ ಮೇಡಂ ಇದು? ತೆಗೀರಿ ಅಂತ ಬರೆದೋರೂ ನೀವೇ, ಬಿಡಿ ಅಂತ ಬರೆದೋರೂ ನೀವೇ. ಯಾವುದನ್ನ ಇಟ್ಕೊಳ್ಲಿ ನಾನು?"

ಅವಳು ಎರಡು ಹಾಳೆಗಳ ಮೇಲೆ ಬಗ್ಗಿದಳು. ಓದಲು ಬಾರದಿದ್ದರೇನು, ಎರಡೂ ಒಂದೇ ಕೈಯವು ಎಂದು ಕಾಣುತ್ತಿತ್ತು.

"ನೀವಾ ಅಮ್ಮಾ?"

"ಹೂಂ."

ಅವಳು ಹೊರಗೆ ಹೋದಳು. ನಾನು ಅಲ್ಲೇ ನಿಂತು, ದೂರಿನಿಂದ ನನ್ನ ಸಹಿ ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದುಕೊಟ್ಟೆ. ಗುಮಾಸ್ತರು ತೆಗೆದುಕೊಂಡರು; ಇನ್ನೂ ಹದಿಮೂರು ಇವೆಯಲ್ಲ ಮೇಡಂ, ಎಂದರು. ಅದು ನಿಜವಾಗಿತ್ತು. ನೋಟಿಸಿನ ಗಡುವು ಮುಗಿದ ಶನಿವಾರವೇ ಗಾಡಿ ಹೋಯಿತು.

ಅಂದು ನಾನು ಕಚೇರಿಯಿಂದ ಸ್ಟಾಪಿಗೆ ಬರುವಾಗ ಬಸ್ಸು ಹೊರಡುತ್ತಿತ್ತು; ಓಡಿ ಹತ್ತಿದೆ. ಅವಳು ಮುಂದಿನ ಸೀಟಿನಲ್ಲಿ ಕೂತಿದ್ದಳು. ಪಕ್ಕದ ಜಾಗದಲ್ಲಿ ಅವಳ ಚೀಲವಿತ್ತು. ನಾನು ಹತ್ತಿರ ಬಂದದ್ದನ್ನು ನೋಡಿದಳು, ಚೀಲ ಎತ್ತಲಿಲ್ಲ.

"ಅಲ್ಲೇ ಸೀಟಿದೆಯಲ್ಲಾ, ಕೇಳಿ ಕೂತ್ಕೊಳ್ಳಿ ಅಮ್ಮಾ" ಎಂದ ಕಂಡಕ್ಟರ್.

"ಪರವಾಗಿಲ್ಲ" ಎಂದು, ವಿದ್ಯಾರಣ್ಯಪುರದವರೆಗೂ ಕಂಬಿ ಹಿಡಿದು ನಿಂತೇ ಬಂದೆ.