ಭೋಂಗಾ ಆಗುವ ತನಕ ಒಂಟಿಕಾಲು

ನನ್ನ ಮಗಳಿಗೆ ಆಗ ಎಂಟು ವರ್ಷ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಹುಡುಗಿ. ಕೂತಲ್ಲಿ ಕೂರುವುದಿಲ್ಲವೆಂದು ಅವಳ ಶಾಲೆಯ ಅಕ್ಕೋರು ಗೆಳತಿಯ ಪಕ್ಕದ ಮುಂದಿನ ಬೆಂಚಿನಿಂದ ಅವಳನ್ನು ಎಬ್ಬಿಸಿ, ಹಿಂದಿನ ಮೂಲೆಯಲ್ಲಿ ಒಬ್ಬಳನ್ನೇ ಕೂರಿಸಿದ್ದರು. ಅಂದು ಮನೆಗೆ ಬಂದು ರೊಟ್ಟಿಯನ್ನೂ ಮುಟ್ಟದೆ ಅತ್ತಳು. ನನಗೆ ಸಿಟ್ಟು ನೆತ್ತಿಗೇರಿತು. ಜಗಳ ತೆಗೆಯಲೆಂದೇ ಶಾಲೆಗೆ ಹೋದೆ.

ಅಕ್ಕೋರು ನನಗಿಂತ ಗಟ್ಟಿ. "ಯೋಗಕ್ಕ ಹಚ್ರಿ ಆಕಿನ್ನ. ಹಳಿಯಾಳದಾಗ ಸ್ಪರ್ಧೆ ಐತಿ. ಅಲ್ಲಿ ಒಂದ ನಿಮಿಷ ಒಂಟಿಗಾಲ ಮ್ಯಾಲ ಅಲುಗಾಡದಂಗ ನಿಂತ್ರ, ಮರುದಿನಾನ ಗೆಳತಿ ಬಾಜೂಕ ಕೂಡಸ್ತೇನಿ" ಅಂದರು.

"ಇಕಿ? ಒಂದ ನಿಮಿಷ? ನಿದ್ದ್ಯಾಗೂ ಒದ್ಯಾಡ್ತಾಳ್ರಿ ಇಕಿ!" ಅಂದೆ. ಮಗಳು ನನ್ನ ಸೆರಗು ಎಳೆದಳು. "ನಾ ನಿಲ್ತೇನವ್ವಾ."

ಅಕ್ಕೋರು ವೃಕ್ಷಾಸನ ಕಲಿಸಿದರು. ಮನೆಯಲ್ಲಿ ರೂಢಿ ಮಾಡಿಸುವುದು ನನ್ನ ಪಾಲಿಗೆ ಬಂತು. ದಾಂಡೇಲಿಯ ನಮ್ಮ ಓಣಿಯಲ್ಲಿ ಗಡಿಯಾರ ನೋಡುವವರು ಕಡಿಮೆ. ಹಾಲು ಕಾಯಿಸುವುದು, ಮಕ್ಕಳಿಗೆ ಜಳಕ ಮಾಡಿಸುವುದು, ಎಲ್ಲವೂ ಊರಿನ ಕಾಗದದ ಮಿಲ್ಲಿನ ಸೈರನ್ನಿನ ಪ್ರಕಾರ. ಭೋಂಗಾ ಅನ್ನುತ್ತೇವೆ ಅದಕ್ಕೆ. ಪಾಳಿಗೆ ತಡವಾದವರ ಬೈಕುಗಳು ಓಣಿಯಲ್ಲಿ ಹಾರಿಹೋಗುವ ಹೊತ್ತಿಗೆ ಅವಳನ್ನು ಅಂಗಳದಲ್ಲಿ ಒಂಟಿಕಾಲಲ್ಲಿ ನಿಲ್ಲಿಸಿ, "ಎಂಟರ ಭೋಂಗಾ ಆಗೂತನಕ ಕಾಲ ಇಳಸಬ್ಯಾಡ ನೋಡು" ಎಂದು ಹೇಳಿ ಒಳಗೆ ರೊಟ್ಟಿ ಬಡಿಯಲು ಕೂರುತ್ತಿದ್ದೆ.

ಮೊದಲ ವಾರ ಧಪ್ ಧಪ್ ಎಂದು ಬಿದ್ದದ್ದೇ ಬಿದ್ದದ್ದು. ನಾನು ಒಳಗಿನಿಂದಲೇ ಬೈದದ್ದೇ ಬೈದದ್ದು. ಆಮೇಲಾಮೇಲೆ ಸದ್ದು ಕಡಿಮೆಯಾಯಿತು. ಒಂದು ದಿನ ಸದ್ದೇ ಇಲ್ಲ. ಆಡಲು ಓಡಿದಳೇನೋ ಎಂದು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರೆ, ಎದುರು ಗೋಡೆಯ ಕಲೆಯೊಂದನ್ನು ನೋಡುತ್ತ ನಿಂತೇ ಇದ್ದಳು! ಸುಳ್ಳೇಕೆ ಹೇಳಲಿ, ನನ್ನ ಕಣ್ಣು ತುಂಬಿ ಬಂತು.

ಹಳಿಯಾಳದ ಸ್ಪರ್ಧೆಗೆ ಅಕ್ಕೋರ ಜೊತೆ ನಾನೂ ಹೋದೆ. ಅಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತರು. ನಿಮಿಷ ಮುಗಿಯಿತು, ತೀರ್ಪುಗಾರರು "ಸಾಕು" ಅಂದರು. ಎಲ್ಲರೂ ಕಾಲಿಳಿಸಿದರು. ನನ್ನ ಮಗಳು ಇಳಿಸಲಿಲ್ಲ.

"ಸಾಕವಾ, ಇಳಸು" ಅಂದರು. ಊಹೂಂ. ಉಳಿದವರು ಮುಂದಿನ ಆಸನಕ್ಕೆ ಚಾಪೆಯ ಮೇಲೆ ಮಲಗಿದರು. ಇವಳು ಕಿಟಕಿಯ ಕಡೆ ಕಿವಿ ಕೊಟ್ಟು ನಿಂತೇ ಇದ್ದಾಳೆ. ಕಾಲು ನಡುಗುತ್ತಿದೆ. ಕೂತ ಜನ ನಗತೊಡಗಿದರು. ನನಗೆ ಆಗ ಹೊಳೆಯಿತು. ಅಯ್ಯ ನನ್ನ ಶಿವನೇ! ಹಳಿಯಾಳದಲ್ಲಿ ಎಲ್ಲಿಯ ಭೋಂಗಾ?

ಅಷ್ಟು ಜನರ ನಡುವೆ ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು, "ಭೋಂಽಽಽ" ಎಂದು ಉಸಿರಿರುವ ತನಕ ಕೂಗಿದೆ. ಮಗಳು ನಿಧಾನವಾಗಿ ಕಾಲಿಳಿಸಿದಳು.

ಎರಡನೆಯ ಆಸನ ತಪ್ಪಿದ್ದರಿಂದ ಬಹುಮಾನ ಬರಲಿಲ್ಲ. ವಾಪಸು ಬಸ್ಸಿನಲ್ಲಿ ಅಕ್ಕೋರ ಮುಖ ನೋಡಲು ನನಗೆ ನಾಚಿಕೆ. ಕೊನೆಗೆ ಮಗಳೇ ಮೆಲ್ಲಗೆ ಕೇಳಿದಳು, "ಅಕ್ಕೋರ, ಮುಂದಿನ ಬೆಂಚ್ ರೀ?"

"ನಾಳಿಂದ ಮುಂದ ಕೂಡವಾ" ಎಂದು ಅಕ್ಕೋರು ನಕ್ಕರು. "ಆದ್ರ ಶಾಲಿ ಬಿಟ್ಟಾಗ ನಿನ್ನ ಎಬ್ಬಸಾಕ ದಿನಾ ನಿಮ್ಮವ್ವನ್ನ ಭೋಂಗಾ ಕೂಗಾಕ ಕರಸಬೇಕೇನ?"

ಮಗಳು ಅಡ್ಡ ತಲೆಯಾಡಿಸಿದಳು.

"ಬ್ಯಾಡ್ರಿ. ಶಾಲ್ಯಾಗ ಗಂಟಿ ಐತಲ್ರಿ."